ಕಲ್ಲಿಗೆ ಹಣವುಂಟು, ಮೇಷ್ಟರಿಗಿಲ್ಲ

ನಮ್ಮ ಸರಕಾರಗಳಿಗೆ ಶಂಕುಸ್ಥಾಪನೆಯೆಂದರೆ ಬಲು ಪ್ರೀತಿ. ಕಲ್ಲು ನೆಡುವುದಕ್ಕೆ ಒಂದು ಬೆಳಗು ಸಾಕು. ಮಂತ್ರಿಮಹಾಶಯರು ಬರುತ್ತಾರೆ, ಹಾರ ಬೀಳುತ್ತದೆ, ಹೆಸರು ಕೆತ್ತಿದ ಕಲ್ಲಿನ ಮೇಲಿನ ಪರದೆ ಸರಿಯುತ್ತದೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕಾಲೇಜು ನಡೆಸುವುದಕ್ಕಾದರೆ ತಿಂಗಳು ತಿಂಗಳೂ, ವರ್ಷ ವರ್ಷವೂ ಸಂಬಳ ಕೊಡಬೇಕು. ಅಲ್ಲಿ ಹಾರವಿಲ್ಲ, ಚಿತ್ರವಿಲ್ಲ. ಆದುದರಿಂದಲೇ ನಮ್ಮ ನಾಡಿನಲ್ಲಿ ಕಲ್ಲಿಗೆ ಹಣ ಹುಟ್ಟುತ್ತದೆ, ಮೇಷ್ಟರಿಗೆ ಹುಟ್ಟುವುದಿಲ್ಲ. ಇದು ಬರಿಯ ಬೈಗುಳವಲ್ಲ. ನಮ್ಮ ಜಿಲ್ಲೆಯ ಲೆಕ್ಕವನ್ನೇ ಮುಂದಿಟ್ಟುಕೊಂಡು ಹೇಳುತ್ತೇವೆ, ಓದಿ ನೋಡಿ.

ಚಿಕ್ಕಮಗಳೂರಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಆಸ್ಪತ್ರೆಗಳಿಗೆ ಸೇರಿದಂತೆ ದೇಶದಲ್ಲಿ 75 ಹೊಸ ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ನಮ್ಮದೂ ಒಂದು. ಹಾವೇರಿ, ಯಾದಗಿರಿಗಳೂ ಅದೇ ಸಾಲಿನವು. ಒಂದೊಂದಕ್ಕೆ 325 ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು; ಎಂದರೆ ದೆಹಲಿಯ ಪಾಲು 195 ಕೋಟಿ, ಬೆಂಗಳೂರಿನ ಪಾಲು 130 ಕೋಟಿ. 2022ರಲ್ಲಿ 150 ಸೀಟುಗಳೊಂದಿಗೆ ಪಾಠ ಆರಂಭವಾಯಿತು.

ಇದನ್ನು ನಾವು ಸ್ವಾಗತಿಸುತ್ತೇವೆ. ಕಾಯಿಲೆ ಜೋರಾಯಿತೆಂದರೆ ಹಾಸನಕ್ಕೋ ಮಂಗಳೂರಿಗೋ ಓಡುತ್ತಿದ್ದ ಜನ ನಾವು. ಘಾಟಿಯ ದಾರಿಯಲ್ಲೇ ಉಸಿರು ಬಿಟ್ಟವರ ಮನೆಗಳು ಈ ಗುಡ್ಡಗಳಲ್ಲಿ ಬೇಕಾದಷ್ಟಿವೆ. ದೊಡ್ಡ ಆಸ್ಪತ್ರೆ ಬೇಡವೆನ್ನುವವನು ಮೂರ್ಖ.

ಆದರೆ ಯೋಜನೆಯ ಒಳಗಿನ ಅಕ್ಷರವನ್ನೂ ಓದಬೇಕು. ಕೇಂದ್ರ ಹಂಚಿಕೊಂಡದ್ದು ಕಟ್ಟಡ, ಯಂತ್ರ, ಪೀಠೋಪಕರಣಗಳ ಖರ್ಚನ್ನು. ವರ್ಷ ವರ್ಷವೂ ಬೀಳುವ ಅಧ್ಯಾಪಕರ ಸಂಬಳ, ದಾದಿಯರ ಸಂಬಳ, ಔಷಧದ ಖರ್ಚು ಎಲ್ಲವೂ ರಾಜ್ಯದ ತಲೆಯ ಮೇಲೆ. ಮದುವೆಯ ಖರ್ಚಿಗೆ ದೆಹಲಿ ಕೈಜೋಡಿಸಿತು, ಸಂಸಾರದ ಖರ್ಚನ್ನು ಬೆಂಗಳೂರಿಗೆ ಬಿಟ್ಟಿತು. ಮದುವೆಗೆ ಊರೆಲ್ಲಾ ಬರುತ್ತದೆ; ಸಂಸಾರಕ್ಕೆ ಯಾರು ಬರುತ್ತಾರೆ?

ಆದರೂ ವೈದ್ಯಕೀಯ ಕಾಲೇಜಿಗೆ ಒಂದು ಕಾವಲುಂಟು. ಅಧ್ಯಾಪಕರ ಸಂಖ್ಯೆ ಕಡಿಮೆಯಾದರೆ ಮೇಲಿನ ಆಯೋಗ ಕೇಳುತ್ತದೆ, ಸೀಟು ಕಳೆಯುವ ಭಯವಿದೆ. ಬಡವರ ಮಕ್ಕಳು ಓದುವ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೆ ಆ ಕಾವಲೂ ಇಲ್ಲ. ರಾಜ್ಯದ ಈ ಪದವಿ ಕಾಲೇಜುಗಳ ಪಾಠವನ್ನು ಹೊತ್ತು ನಿಂತವರು ಹತ್ತು ಸಾವಿರಕ್ಕೂ ಹೆಚ್ಚು ‘ಅತಿಥಿ’ ಉಪನ್ಯಾಸಕರು. ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿದವನನ್ನು ಅತಿಥಿಯೆಂದು ಕರೆಯುವುದು ಯಾವ ಊರಿನ ಮರ್ಯಾದೆ? ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗ 2019ರಲ್ಲಿ ಅತಿಥಿ ಅಧ್ಯಾಪಕರಿಗೆ ಪಾಠವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಹೇಳಿತು. ನಮ್ಮ ಅತಿಥಿಗಳು 2023ರ ಕೊನೆಯಲ್ಲಿ ಪಾಠ ಬಿಟ್ಟು ಬೀದಿಗಿಳಿದ ಮೇಲೆ, 2024ರ ಜನವರಿಯಲ್ಲಿ ಸೇವೆಗೆ ತಕ್ಕಂತೆ 5,000ದಿಂದ 8,000ದವರೆಗೆ ಏರಿಸಿದರು. ಏರಿಸಿದ ಮೇಲೂ ಅದು ಆಯೋಗದ ಗರಿಷ್ಠ ಅಂಕೆಯನ್ನು ಮುಟ್ಟಲಿಲ್ಲ. ಅವರು ಕೇಳಿದ ಖಾಯಂ ನೌಕರಿಯಂತೂ ಸಿಗಲಿಲ್ಲ. ಅವರು ಬೀದಿಯಲ್ಲಿದ್ದ ಆ ವಾರಗಳಲ್ಲಿ ನಷ್ಟವಾದದ್ದು ಯಾರ ಮಕ್ಕಳ ಪಾಠ? ಮಂತ್ರಿಗಳ ಮಕ್ಕಳದ್ದೆ? ತೋಟದ ಸಾಹುಕಾರರ ಮಕ್ಕಳದ್ದೆ?

ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ಹೊರುವ ಅಣ್ಣಂದಿರೇ, ಬೀಜ ಆರಿಸುವ ತಾಯಂದಿರೇ, ಪೇಟೆಯ ಸಣ್ಣ ವ್ಯಾಪಾರಿಗಳೇ, ಪ್ರಶ್ನೆ ನಿಮ್ಮದು. ಮೆಡಿಕಲ್ ಕಾಲೇಜಿನ 150 ಸೀಟುಗಳ ಬಾಗಿಲಿಗೆ ನೀಟ್ ಎಂಬ ಬೀಗವಿದೆ. ರಾಜ್ಯದ ಪಾಲಿನ ಸೀಟುಗಳಲ್ಲಿ ಗ್ರಾಮೀಣರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಮೀಸಲು ಉಂಟು. ಒಳ್ಳೆಯದೇ. ಆದರೆ ಆ ಮೀಸಲಿನ ಹತ್ತಿರ ಹೋಗಬೇಕಾದರೆ ಮೊದಲು ಹುಡುಗ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಲಕ್ಷಗಟ್ಟಲೆ ಕೊಟ್ಟು ಕೋಚಿಂಗ್ ಪಡೆದವರೊಡನೆ ಓಡಬೇಕು. ಏಣಿಯ ತುದಿಯ ಮೆಟ್ಟಿಲಿಗೆ 325 ಕೋಟಿಯ ಅಂದಾಜು, ನಡುವಿನ ಮೆಟ್ಟಿಲುಗಳಿಗೆ ಅತಿಥಿ ಸತ್ಕಾರ! ಇಂಥ ಏಣಿ ಹತ್ತುವವನು ಮಹಡಿಯ ಮೇಲೆ ಹುಟ್ಟಿದವನೇ ಆಗಿರಬೇಕು.

ಇನ್ನು ಗುಡ್ಡದ ಮೇಲಿನ ಸಂಗತಿ ಕೇಳಿ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯಲ್ಲಿ ಒಂದು ಕಲಮು ಇತ್ತು. ತೋಟದಲ್ಲಿ ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕರು ಅವರ ಓದಿಗೆ ವ್ಯವಸ್ಥೆ ಮಾಡಬೇಕೆಂದು ಸರಕಾರ ನಿಯಮ ಮಾಡಬಹುದಿತ್ತು. ಹನ್ನೆರಡಕ್ಕೆ ಕಾನೂನಿನ ಕರುಣೆ ಮುಗಿಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗದ್ದೆಯ ಗೇಣಿದಾರನಿಗೆ ಭೂಮಿ ಕೊಟ್ಟಿತು. ಕಾಫಿ ತೋಟದ ಗೇಟಿನ ಹೊರಗೆ ನಿಂತುಬಿಟ್ಟಿತು, ಏಕೆಂದರೆ ತೋಟಗಳಿಗೆ ಆ ಕಾಯಿದೆಯಿಂದ ವಿನಾಯಿತಿ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 14 ವರ್ಷದವರೆಗಿನ ಓದು ಹಕ್ಕು, ಆಮೇಲಿನದು ಸರಕಾರದ ಆರ್ಥಿಕ ಶಕ್ತಿ ಇದ್ದಷ್ಟು ಎಂದಿತು. ಹೀಗೆ ಲೈನು ಮನೆಯ ಮಗುವಿಗೆ ಭೂಮಿಯೂ ಇಲ್ಲ, ಹದಿನಾಲ್ಕರ ಮೇಲೆ ಓದಿನ ಹಕ್ಕೂ ಇಲ್ಲ. ಉಳಿದದ್ದು ಏನು? ಬೆನ್ನಿಗೆ ಚೀಲ ಕಟ್ಟಿ ಹಣ್ಣು ಕೊಯ್ಯುವುದು.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ನನ್ನ ಹತ್ತಿರ ಕಲಿತ ಲೈನು ಮನೆಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದಳು. ಮುಂದಿನ ಕೊಯ್ಲಿನಲ್ಲಿ ತೋಟದ ದಾರಿಯಲ್ಲಿ ಸಿಕ್ಕಳು. ಬೆರಳೆಲ್ಲ ಕಪ್ಪಾಗಿತ್ತು. “ಕಾಲೇಜಿಗೆ ಸೇರಲಿಲ್ಲವೇನಮ್ಮ?” ಎಂದೆ. “ಸೇರಿದ್ದೆ ಸಾರ್. ಬೆಳಿಗ್ಗೆಯ ಬಸ್ಸು ತಪ್ಪಿದರೆ ಎರಡು ಪಾಠ ಹೋಗುತ್ತಿತ್ತು, ಸಂಜೆ ಬಸ್ಸು ತಪ್ಪಿದರೆ ಮನೆಗೆ ಬರುವಾಗ ಕತ್ತಲು. ಅಪ್ಪ ಬೇಡ ಅಂದರು,” ಎಂದಳು. ತಂದೆಯದು ತಪ್ಪೆನ್ನುವ ಧೈರ್ಯ ನನಗಿರಲಿಲ್ಲ. ಆ ಮಗುವಿಗೆ ಬುದ್ಧಿಯಿತ್ತು, ಮನಸ್ಸಿತ್ತು. ಒಂದು ಹಾಸ್ಟೆಲ್ಲಿನ ಮಂಚವಿರಲಿಲ್ಲ, ಅಷ್ಟೆ.

ದಾರಿ ದುರ್ಗಮ, ಏನು ಮಾಡೋಣ ಎನ್ನುತ್ತಾರೆ ಅಧಿಕಾರಿಗಳು. ಹೌದು, ಕಳಸದ ದಾರಿ ಸುಲಭದ್ದಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆಯಂಥ ಊರುಗಳ ಮೇಲೆ ಗುಡ್ಡವೇ ಜರಿದದ್ದನ್ನು ನಾವು ಕಂಡಿದ್ದೇವೆ. ಆದರೆ ಇದೇ ಕಳಸದ ಪಕ್ಕದ ಕುದುರೆಮುಖದಿಂದ ಮಂಗಳೂರಿಗೆ, ಕಬ್ಬಿಣದ ಅದಿರು ಸಾಗಿಸಲು 67 ಕಿಲೋಮೀಟರ್ ಕೊಳವೆಯನ್ನು ಘಟ್ಟದ ಮೇಲಿಂದ ಇಳಿಸಿದವರು ಯಾರು? ಇದೇ ಸರಕಾರದ ಕಂಪೆನಿಯಲ್ಲವೆ? ಗುಡ್ಡ ಕರಗಿಸಿ ಹಡಗಿಗೆ ತುಂಬುವಾಗ ದುರ್ಗಮವಾಗದ ದಾರಿ, ಹುಡುಗಿಯೊಬ್ಬಳು ಪುಸ್ತಕ ಹಿಡಿದು ಹೊರಟಾಗ ದುರ್ಗಮವಾಯಿತೆ? 2005ರ ಕೊನೆಗೆ ಗಣಿ ಮುಚ್ಚಿತು. ಅದಿರು ಹೋಯಿತು, ಕೆಲಸ ಹೋಯಿತು, ಬಸ್ಸಿಗೆ ಕಾಯುವ ಮಕ್ಕಳು ಉಳಿದರು.

ಬಸ್ಸಿನ ಮಾತು ಬಂತು. ಕೊಪ್ಪದಲ್ಲಿ 1991ರಲ್ಲಿ ಬಸ್ಸಿನ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಮಾಲೀಕರಿಲ್ಲದೆ ಮಲೆನಾಡಿನ ಮೂಲೆಗಳಿಗೆ ಬಸ್ಸು ಓಡಿಸಿದರು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು. ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. ಸರಕಾರ ನೋಡುತ್ತಾ ಕುಳಿತಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಗೆ ಹಣ ಬೇಡ ಎಂದದ್ದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಸರಕಾರಿ ಬಸ್ಸೇ ಬಾರದ ಊರಿನ ಹುಡುಗಿಗೆ ಆ ಉಚಿತ ಟಿಕೆಟಿನಿಂದ ಏನು ಪ್ರಯೋಜನ?

ಇಷ್ಟು ಕೇಳಿದರೆ ಬರುವ ಮೊದಲ ಉತ್ತರ: ಹಣವಿಲ್ಲ. ರಾಷ್ಟ್ರೀಯ ವರಮಾನದ ನೂರಕ್ಕೆ 6 ಪಾಲನ್ನು ವಿದ್ಯಾಭ್ಯಾಸಕ್ಕೆ ಇಡಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 1968ರ ನೀತಿ ಅದನ್ನೇ ಹೇಳಿತು, 2020ರ ನೀತಿಯೂ ಅದನ್ನೇ ಹೇಳಿತು. ಅಜ್ಜನಿಗೆ ಕೊಟ್ಟ ಮಾತನ್ನೇ ಮೊಮ್ಮಗನಿಗೂ ಕೊಡುತ್ತಿದ್ದಾರೆ. ಹಣ ಎತ್ತಲಿಲ್ಲವೆ? ಎತ್ತಿದರು. ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಿನಲ್ಲಿ 2007ರಿಂದ ತೆರಿಗೆಯ ಮೇಲೆ ಬೇರೆ ಸೆಸ್ ಹಾಕಿದರು. ಸಾಬೂನು ಕೊಂಡ ಕೂಲಿಯೂ ಅಬಕಾರಿ ಸುಂಕದ ಮೂಲಕ ಅದನ್ನು ಕೊಟ್ಟ. ಹೀಗೆ ಕೂಡಿದ 83,497 ಕೋಟಿ ರೂಪಾಯಿಗೆ ಒಂದು ನಿಧಿಯನ್ನೇ ತೆರೆದಿರಲಿಲ್ಲವೆಂದು ಮಹಾಲೇಖಪಾಲರ ವರದಿಯೇ 2017ರಲ್ಲಿ ಹೇಳಿತು. ಅಂಗಡಿಯ ವ್ಯಾಪಾರಿ ಹೀಗೆ ಲೆಕ್ಕ ಇಟ್ಟರೆ ತೆರಿಗೆಯ ಅಧಿಕಾರಿ ಸುಮ್ಮನೆ ಬಿಡುತ್ತಾನೆಯೆ?

ಎರಡನೆಯ ಉತ್ತರ: ಕಾಲೇಜು ತೆರೆದರೂ ಮಕ್ಕಳು ಬರುವುದಿಲ್ಲ. ಮೇಷ್ಟರಿಲ್ಲದ ಕಾಲೇಜಿಗೆ, ಬಸ್ಸಿಲ್ಲದ ಊರಿನಿಂದ, ಹಾಸ್ಟೆಲ್ಲಿಲ್ಲದ ಪೇಟೆಗೆ ಮಕ್ಕಳು ಹೇಗೆ ಬಂದಾರು? ಮೊದಲು ಉಪವಾಸ ಕೆಡಹುವುದು, ಆಮೇಲೆ ಕೂಸು ಬೆಳೆಯಲಿಲ್ಲವೆಂದು ದೂರುವುದು! ನಮ್ಮ ನೆರೆಯ ಹಾಸನ, ಕೊಡಗುಗಳನ್ನು ನೋಡಿ. ಅಲ್ಲಿಗೆಲ್ಲ ಹೊಸ ವಿಶ್ವವಿದ್ಯಾಲಯ ಎಂದು ಡಂಗುರ ಹೊಡೆದು, ಆರಂಭಕ್ಕೆ ತಲಾ 2 ಕೋಟಿ ಕೈಗಿಟ್ಟರು. 2025ರ ಫೆಬ್ರುವರಿಯಲ್ಲಿ ಮಂತ್ರಿಮಂಡಲದ ಉಪಸಮಿತಿ, ಅಂಥ 10ರಲ್ಲಿ 9ನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ಒಬ್ಬರು ಹಣವಿಡದೆ ತೆರೆದರು, ಇನ್ನೊಬ್ಬರು ಹಣವಿಲ್ಲವೆಂದು ಮುಚ್ಚಹೊರಟರು. ಎರಡು ಪಕ್ಷಗಳ ಈ ಆಟದಲ್ಲಿ ಚೆಂಡಾದವರು ನಮ್ಮ ಮಕ್ಕಳು.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಇದು ಕೂಲಿಯವರ ಗೋಳು, ನಮಗೇನು ಎನ್ನಬೇಡಿ. ಮಗನನ್ನು ಘಟ್ಟದ ಕೆಳಗಿನ ಖಾಸಗಿ ಕಾಲೇಜಿಗೆ ಹಾಕಲು ಅಂಗಡಿಯ ಬಂಡವಾಳವನ್ನೇ ಒಡೆದವರು ನಿಮ್ಮಲ್ಲಿ ಎಷ್ಟು ಮಂದಿ? ಒಳ್ಳೆಯ ಸರಕಾರಿ ಕಾಲೇಜು ಇದ್ದ ಪೇಟೆಯಲ್ಲಿ ಆ ಹಣ ಪೇಟೆಯಲ್ಲೇ ತಿರುಗುತ್ತದೆ.

ಮತ್ತೊಂದು ಸೋಜಿಗ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆಯ ಕಾಲೇಜಿದೆ. ಕಾಫಿಯ ರುಚಿ, ಗುಣ ಕಂಡುಹಿಡಿಯುವ ಡಿಪ್ಲೊಮಾವನ್ನು ಕಾಫಿ ಮಂಡಳಿ ನಡೆಸುತ್ತದೆ. ಆದರೆ ಪದವಿ ಇದ್ದವರಿಗೆ ಮಾತ್ರ. ಇಪ್ಪತ್ತು ವರ್ಷ ಬೀಜ ಆರಿಸಿದ ತಾಯಿಯ ಬೆರಳಿಗೆ ಗೊತ್ತಿರುವ ವಿದ್ಯೆಯನ್ನು ಅವಳ ಮಗಳು ಪುಸ್ತಕದಲ್ಲಿ ಕಲಿತು ಸಂಬಳದ ಕುರ್ಚಿಯಲ್ಲಿ ಕೂರುವ ದಾರಿ ಬೇಡವೆ?

ನಮ್ಮ ಬೇಡಿಕೆ ಐದು. ಒಂದು: ಯಾವ ಹೊಸ ಕಾಲೇಜಿಗೂ ಕಲ್ಲು ನೆಡುವ ದಿನವೇ ಖಾಯಂ ಹುದ್ದೆಗಳ ಮಂಜೂರಾತಿ ಹೊರಬೀಳಲಿ, ಹತ್ತು ವರ್ಷದ ನಡೆಸುವ ಖರ್ಚು ಲೆಕ್ಕದಲ್ಲಿರಲಿ. ಎರಡು: ಈಗಿರುವ ಪದವಿ ಕಾಲೇಜುಗಳ ಖಾಲಿ ಹುದ್ದೆ ತುಂಬಲಿ, ದುಡಿದ ಅತಿಥಿಗಳಿಗೆ ನ್ಯಾಯ ಸಿಗಲಿ. ಮೂರು: ಕಳಸ, ಮೂಡಿಗೆರೆಗಳಲ್ಲಿ ತೋಟ ಕಾರ್ಮಿಕರ ಮಕ್ಕಳಿಗೆಂದೇ ಊಟವಿರುವ ಹಾಸ್ಟೆಲ್ ಆಗಲಿ, ಹುಡುಗಿಯರದ್ದು ಮೊದಲಾಗಲಿ. ನಾಲ್ಕು: ಕಾಲೇಜಿನ ಗಂಟೆಗೆ ಹೊಂದುವಂತೆ ಗುಡ್ಡದ ದಾರಿಗಳಿಗೆ ಸರಕಾರಿ ಬಸ್ಸು ಬರಲಿ. ಐದು: ಕಾಫಿಯ ಕೆಲಸ ಕಲಿಸುವ ಪಾಠಕ್ರಮ ಪಿಯುಸಿ ಮುಗಿಸಿದವರಿಗೆ ಸರಕಾರಿ ಕಾಲೇಜಿನಲ್ಲೇ ಸಿಗಲಿ.

ಕೊನೆಯದಾಗಿ ಒಂದು ಸಣ್ಣ ಸೂಚನೆ. ಇದಕ್ಕೆ ಕೋಟಿ ಬೇಕಾಗಿಲ್ಲ. ಪ್ರತಿ ಕಾಲೇಜಿನ ಬಾಗಿಲಲ್ಲಿ ಮಂತ್ರಿಗಳ ಹೆಸರಿನ ಕಲ್ಲಿನ ಪಕ್ಕದಲ್ಲೇ ಒಂದು ಕರಿಹಲಗೆ ತೂಗುಹಾಕಲಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಈ ವರ್ಷ ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟು ಎಂದು ಸುಣ್ಣದ ಕಡ್ಡಿಯಲ್ಲಿ ಬರೆಯಲಿ. ಮುಂದಿನ ಸಲ ಮತ ಕೇಳಲು ಬಂದವರನ್ನು ಆ ಹಲಗೆಯ ಮುಂದೆ ನಿಲ್ಲಿಸಿ ಓದಿಸೋಣ. ಅಲ್ಲಿಯವರೆಗೆ ಹಾರ ಕೊಳ್ಳುವ ಹಣದಲ್ಲಿ ಮಕ್ಕಳಿಗೆ ಪುಸ್ತಕ ಕೊಳ್ಳೋಣ.