ಸ್ಟಂಪಿನ ಹಿಂದಿನವರು

ಮಕ್ಕಳೇ, ನಿಮ್ಮ ಬೀದಿಯ ಕ್ರಿಕೆಟ್ಟಿನಲ್ಲಿ ಕೀಪರ್ ಆಗುವವರು ಯಾರು? ನಮ್ಮ ಸೋಸಲೆಯಲ್ಲಿ ಅಂದೂ ಇಂದೂ ಒಂದೇ ಪದ್ಧತಿ. ಬ್ಯಾಟು ತಂದವನು ಮೊದಲು ಆಡುತ್ತಾನೆ, ಜೋರಾಗಿ ಓಡಬಲ್ಲವನು ಬೌಲಿಂಗ್ ಮಾಡುತ್ತಾನೆ, ಕೊನೆಗೆ ಉಳಿದವರನ್ನು ಸ್ಟಂಪಿನ ಹಿಂದೆ ನಿಲ್ಲಿಸುತ್ತಾರೆ. ಹಾಗೆ ಉಳಿಯುತ್ತಿದ್ದವನು ನಾನು. ಅದಕ್ಕೇ ಇರಬೇಕು, ಆಟಗಾರರ ಚಿತ್ರ ಕೂಡಿಡುವ ಹುಚ್ಚು ಹಿಡಿದಾಗ ನನ್ನ ಕೈ ಕೀಪರ್‌ಗಳ ಕಡೆಗೇ ಹೋಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಬಿಗ್ ಫನ್ ಬಬಲ್‌ಗಮ್ ಜೊತೆ ಆಟಗಾರರ ಚಿತ್ರದ ಚೀಟಿ ಬರುತ್ತಿತ್ತು. ನಮ್ಮ ತರಗತಿಯಲ್ಲಿ ಅದರದೇ ವ್ಯಾಪಾರ. ಒಬ್ಬ ಕಪಿಲ್ ದೇವ್ ಬೇಕಾದರೆ ಬೇರೆ ನಾಲ್ವರನ್ನು ಕೊಡಬೇಕು. ಕೀಪರ್ ಚೀಟಿಯನ್ನು ಮಾತ್ರ ಕೇಳುವವರಿಲ್ಲ, ನನಗೆ ಸುಲಭವಾಗಿ ಸಿಗುತ್ತಿತ್ತು. ಆದರೆ ಎಲ್ಲರಿಗಿಂತ ಬೇಕಾಗಿದ್ದ ಸಯ್ಯದ್ ಕಿರ್ಮಾನಿ ಎಷ್ಟು ಗಮ್ ಅಗಿದರೂ ಬರಲಿಲ್ಲ. ಅವರ ಕೊನೆಯ ಟೆಸ್ಟ್ 1986ರ ಜನವರಿಯಲ್ಲೇ ಮುಗಿದಿತ್ತಲ್ಲ! ಕ್ಷೌರದಂಗಡಿಯ ಹಳೇ ವಾರಪತ್ರಿಕೆ ಕೇಳಿ ತಂದು, ಅವರ ಚಿತ್ರ ಕತ್ತರಿಸಿ, ಮದುವೆ ಕರೆಯೋಲೆಯ ದಪ್ಪ ರಟ್ಟಿಗೆ ಅಂಟಿಸಿದೆ. ಹಿಂಬದಿಯಲ್ಲಿ ಶಾಯಿಯಲ್ಲಿ ಬರೆದೆ: 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್.

ಕಪಿಲರ 175 ರನ್ನು ಎಲ್ಲರಿಗೂ ಬಾಯಿಪಾಠ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ, ಜಿಂಬಾಬ್ವೆ ಎದುರು, ಇನ್ನೊಂದು ತುದಿಯಲ್ಲಿ 24 ರನ್ನು ಮಾಡಿ ಔಟಾಗದೆ ನಿಂತವರು ಯಾರು ಅಂದರೆ ತಲೆ ಕೆರೆಯುತ್ತಾರೆ. ಕಿರ್ಮಾನಿ! ಒಂಬತ್ತನೇ ವಿಕೆಟ್ಟಿಗೆ ಇಬ್ಬರೂ ಸೇರಿಸಿದ್ದು ಮುರಿಯದ 126. ಅದಕ್ಕೆ ಒಂದು ವಾರ ಮೊದಲು ಲೆಸ್ಟರ್‌ನಲ್ಲಿ ಅದೇ ಜಿಂಬಾಬ್ವೆಯ ಐವರ ಕ್ಯಾಚನ್ನು ಅವರು ಹಿಡಿದಿದ್ದರು.

ನನ್ನ ಡಬ್ಬಿಯಲ್ಲಿ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಕೂಡ ಇದ್ದಾರೆ. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದವರು. 1967ರ ಎಜ್‌ಬಾಸ್ಟನ್ ಟೆಸ್ಟಿನಲ್ಲಂತೂ ಬ್ಯಾಟಿಂಗ್ ಶುರುಮಾಡಿದವರೂ ಅವರೇ, ಬೌಲಿಂಗ್ ಶುರುಮಾಡಿದವರೂ ಅವರೇ. ಬೆಂಗಳೂರಿನ ಸದಾನಂದ ವಿಶ್ವನಾಥ್ ಆಡಿದ್ದು ಮೂರೇ ಟೆಸ್ಟ್. ಆದರೆ 1985ರಲ್ಲಿ ಮೆಲ್ಬರ್ನ್ ಫೈನಲ್ಲಿನಲ್ಲಿ, ಶಿವರಾಮಕೃಷ್ಣನ್ ಎಸೆತಕ್ಕೆ ಮುಂದೆ ಬಂದ ಜಾವೇದ್ ಮಿಯಾಂದಾದ್ ಅವರನ್ನು ಸ್ಟಂಪ್ ಮಾಡಿದರಲ್ಲ, ಅಷ್ಟು ಸಾಕು ನನಗೆ.

ಅಮೆರಿಕದಲ್ಲಿ ಬೇಸ್‌ಬಾಲ್ ಆಟವಿದೆ. ಅಲ್ಲಿ ನಮ್ಮ ಕೀಪರ್ ತರಹ ಕುಕ್ಕರಗಾಲಿನಲ್ಲಿ ಕೂರುವವನಿಗೆ ಕ್ಯಾಚರ್ ಎನ್ನುತ್ತಾರೆ. ಯೋಗಿ ಬೆರ್ರಾ, ಜಾನಿ ಬೆಂಚ್ ಅಂಥವರ ಹಳೇ ಗಮ್ ಚೀಟಿಗಳಿಗೆ ಜನ ಒಳ್ಳೇ ದುಡ್ಡು ಕೊಡುತ್ತಾರೆ. ತಮಾಷೆ ಎಂದರೆ, ಟಾಪ್ಸ್ ಎಂಬ ಕಂಪನಿ 1952ರ ಚೀಟಿಗಳಲ್ಲಿ ಮಾರಾಟವಾಗದೆ ಉಳಿದವನ್ನು ಮುಂದೆ ಸಮುದ್ರಕ್ಕೆ ಸುರಿಸಿತಂತೆ.

ನಮ್ಮದು ಹೊಳೆ ಪಕ್ಕದ ಊರು, ಮಳೆಗಾಲದಲ್ಲಿ ಕಾಗದ ತೇವ ಎಳೆಯುತ್ತದೆ. ಹಾಗಾಗಿ ಚೀಟಿಗಳೆಲ್ಲ ತಗಡಿನ ಡಬ್ಬಿಯಲ್ಲಿ, ಒಣಗಿದ ಬೇವಿನೆಲೆಯ ನಡುವೆ ಅಟ್ಟದ ಮೇಲಿವೆ. ಹೋದ ತಿಂಗಳು ಹಳೇ ಸಾಮಾನು ಕೂಡಿಡುವ ಪರಿಚಯದವರೊಬ್ಬರು ಬೆಂಗಳೂರಿನಿಂದ ಬಂದಿದ್ದರು. ಗಮ್ ಚೀಟಿಗಳನ್ನು ಎಣಿಸಿ ಬೆಲೆ ಕಟ್ಟಿದರು. ಕಿರ್ಮಾನಿಯನ್ನು ಪಕ್ಕಕ್ಕಿಟ್ಟರು. “ಇದು ಪೇಪರ್ ಕಟಿಂಗ್ ಸಾರ್. ಇದಕ್ಕೇನೂ ಬರಲ್ಲ.”

ಬಾಗಿಲ ಬಳಿ ನಿಂತಿದ್ದ ಅಕ್ಕನ ಮಗಳು ಅದನ್ನೇ ಎತ್ತಿಕೊಂಡಳು. ಏಳನೇ ಕ್ಲಾಸು, ಶಾಲೆಯ ತಂಡದ ಕೀಪರ್. ಉಳಿದವಳೆಂದು ನಿಲ್ಲಿಸಿದ್ದಲ್ಲ, ತಾನೇ ಕೇಳಿ ನಿಂತವಳು. “ಮಾವ, ಇದು ನಂಗೆ ಕೊಡ್ತೀಯಾ? ಮ್ಯಾಚಿಗೆ ತಗೊಂಡು ಹೋಗ್ತೀನಿ.”

ನನಗೆ ಬಾಯಿ ಕಟ್ಟಿತು. ಮೂವತ್ತು ವರ್ಷಕ್ಕೂ ಮೇಲಾಗಿ ಬಿಸಿಲು ಕಾಣದ ಚಿತ್ರ. ಇವಳ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಮೊನೆ ತಾಗುತ್ತದೆ, ಬೆವರು ಕೈಯಲ್ಲಿ ಹಿಡಿದರೆ ಹಿಂದಿನ ಶಾಯಿ ಅಳಿಸುತ್ತದೆ. “ಬೇರೆ ಯಾವುದಾದರೂ ತಗೋ ಪುಟ್ಟಿ” ಎಂದೆ. ಅವಳು ಬೇರೆಯದನ್ನು ನೋಡಲೂ ಇಲ್ಲ. ಬಂದವರಿಗೆ ಕಾಫಿ ಕೊಟ್ಟು, ಒಂದೂ ಚೀಟಿ ಮಾರದೆ ಕಳಿಸಿದೆ. ಆಮೇಲೆ ಕಿರ್ಮಾನಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅವಳ ಕೈಗಿಟ್ಟೆ.

ಶನಿವಾರ ನರಸೀಪುರದಲ್ಲಿ ಮ್ಯಾಚಿತ್ತು. ಎರಡು ಕ್ಯಾಚ್ ಹಿಡಿದಳಂತೆ, ನಾಲ್ಕು ಬೈ ಬಿಟ್ಟಳಂತೆ. ಚಿತ್ರದ ಒಂದು ಮೂಲೆ ಮಡಚಿದೆ. ಹಿಂಬದಿಯಲ್ಲಿ ನನ್ನ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ಅವಳ ಲೆಕ್ಕ ಶುರುವಾಗಿದೆ. ಬೈ ಮಾತ್ರ ಬರೆದಿಲ್ಲ.