ಬೀದಿನಾಯಿಯ ಹೊಣೆ ಪಂಚಾಯಿತಿಯದೂ ಹೌದು

ಹುಕ್ಕೇರಿ ತಾಲ್ಲೂಕಿನ ಕಣಗಲಾ ಪುಣೆ–ಬೆಂಗಳೂರು ಹೆದ್ದಾರಿಗೆ ಹೊಂದಿಕೊಂಡ ಊರು. ಇಂಥಲ್ಲಿ ವಾಹನಕ್ಕೆ ಸಿಕ್ಕ ನಾಯಿಯನ್ನು ಎತ್ತಿ ಆರೈಕೆ ಮಾಡುವ ಕೆಲಸ ಕೆಲವೇ ಯುವಕರ ಒಳ್ಳೆಯತನದ ಮೇಲೆ ನಿಲ್ಲಬಾರದು. ಬೀದಿನಾಯಿಗಳ ಸಂತಾನಹರಣ, ಲಸಿಕೆಗಳ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೇ ವಹಿಸಿವೆ. ಗ್ರಾಮ ಪಂಚಾಯಿತಿಯೂ ಅದಕ್ಕೆ ಹೊರತಲ್ಲ. ಮಕ್ಕಳನ್ನು ಕಚ್ಚುವ ನಾಯಿಗೆ ಕರುಣೆಯೇಕೆ ಎಂದು ಕೇಳುವವರಿದ್ದಾರೆ. ಆ ಭಯ ನ್ಯಾಯವಾದದ್ದೇ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ಶೇ 99ರಷ್ಟು ನಾಯಿಗಳಿಂದಲೇ ಬರುತ್ತದೆ. ಆದರೆ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ಸೋಂಕಿನ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಯಿ ಹಿಡಿದು ಪಕ್ಕದ ಊರಿನ ಗಡಿಗೆ ಬಿಟ್ಟು ಬಂದರೆ ರೋಗ ಸ್ಥಳಾಂತರವಾಗುತ್ತದೆ, ಅಷ್ಟೇ. ಹಾಗಾಗಿ ನಾಯಿಯನ್ನು ಕಾಯುವುದೂ ಮಗುವನ್ನು ಕಾಯುವುದೂ ಇಲ್ಲಿ ಒಂದೇ ಕೆಲಸ.

ದತ್ತು ಪಡೆಯುವುದು ಇನ್ನೊಂದು ದಾರಿ. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರಕೂಡದೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ದಟ್ಟ ರೋಮದ ವಿದೇಶಿ ತಳಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ನಮ್ಮ ಬಿಸಿಲಿಗೆ ಒಗ್ಗಿದ ಊರನಾಯಿಯ ಮರಿಯನ್ನೇ ಸಾಕಬಹುದಲ್ಲ! ಸಾಕುವ ಖರ್ಚಿನ ಮಾತು ನಿಜ. ಅದಕ್ಕಾಗಿಯೇ ಲಸಿಕೆ, ಶಸ್ತ್ರಚಿಕಿತ್ಸೆಯ ಭಾರವನ್ನು ಪಂಚಾಯಿತಿಯೂ ಪಶುಪಾಲನಾ ಇಲಾಖೆಯೂ ಹೊರಬೇಕು. ಸಾಕುವವರು ಬಿಸಿಲಿನ ಬಗ್ಗೆಯೂ ಎಚ್ಚರ ವಹಿಸಬೇಕು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಏಪ್ರಿಲ್‌–ಮೇ ತಿಂಗಳಲ್ಲಿ ಅದನ್ನು ತಗಡಿನ ಶೆಡ್ಡಿನಡಿ ಸರಪಳಿ ಹಾಕಿ ಕಟ್ಟುವುದು ಕ್ರೌರ್ಯ. ಬೇಸಿಗೆ ಕಾಲಿಡುವ ಮೊದಲೇ ಪಂಚಾಯಿತಿ ಲಸಿಕೆ ಶಿಬಿರದ ದಿನ ಗೊತ್ತುಮಾಡಲಿ.