ಹೋಂಸ್ಟೇ ಮಾರಬೇಕೆ? ಹನ್ನೆರಡು ತಿಂಗಳ ಲೆಕ್ಕ ನೋಡಿ

ಜುಲೈ ತಿಂಗಳ ಒಂದು ಸಂಜೆ ಮೂಡಿಗೆರೆಯಿಂದ ಅಕ್ಕನ ಫೋನು. "ಹೋಂಸ್ಟೇ ಮಾರಿಬಿಡೋಣ ಅಂತಿದ್ದೀವಿ ಕಣೇ. ತಿಂಗಳಿಂದ ಒಬ್ಬರೂ ಬಂದಿಲ್ಲ." ಮಳೆಯ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಇದೇ ಅಕ್ಕ ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಇನ್ನೆರಡು ಕೋಣೆ ಕಟ್ಟಿಸುವ ಮಾತಾಡಿದ್ದಳು!

ಹೋಂಸ್ಟೇ ನಡೆಸುವವರಿಗೆಲ್ಲ ನನ್ನ ಮೊದಲ ಮಾತು ಇದೇ: ಕೋಣೆ ಖಾಲಿ ಇದ್ದಾಗ ಮಾರುವ ತೀರ್ಮಾನ ಬೇಡ, ತುಂಬಿದ್ದಾಗ ಬೆಳೆಸುವ ತೀರ್ಮಾನವೂ ಬೇಡ. ಹನ್ನೆರಡು ತಿಂಗಳ ಲೆಕ್ಕ ಮುಂದಿಟ್ಟುಕೊಳ್ಳಿ.

"ಪುಸ್ತಕ ತಂದು ಓದು" ಎಂದೆ. ವರ್ಷಕ್ಕೆ ಬಂದದ್ದು 6 ಲಕ್ಷ. ಬುಕಿಂಗ್ ಆ್ಯಪ್‌ನ ಕಮಿಷನ್, ಕೆಲಸದವರ ಸಂಬಳ, ದಿನಸಿ, ಕರೆಂಟು, ಮಳೆ ನಿಂತ ಮೇಲಿನ ಸುಣ್ಣಬಣ್ಣ ಕಳೆದರೆ ಉಳಿದದ್ದು ಎರಡೂವರೆ ಲಕ್ಷ. "ಬೆಳಗ್ಗೆ ಐದಕ್ಕೆದ್ದು ಕಡುಬು ಬೇಯಿಸುವ ನಿನ್ನ ಕೂಲಿ?" ಎಂದೆ. ಅಕ್ಕ ಸುಮ್ಮನಾದಳು.

ಇನ್ನು ಮಾರಿದರೆ? 50 ಲಕ್ಷಕ್ಕೆ ಕೇಳುತ್ತಿದ್ದಾರಂತೆ. ಶೇ 6ರ ಬಡ್ಡಿಗೆ ಇಟ್ಟರೂ ವರ್ಷಕ್ಕೆ 3 ಲಕ್ಷ. ಆದರೆ ಅಷ್ಟೂ ಹಣ ಕೈಯಲ್ಲಿ ಉಳಿಯುವುದಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ ಮನೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲೇ ಕೊಂಡಿದ್ದರೆ, ಹಣದುಬ್ಬರ ಕಳೆದು ಶೇ 20ರಂತೆಯೂ ಲೆಕ್ಕ ಹಾಕಿ, ಕಡಿಮೆಯಾದುದನ್ನು ಕಟ್ಟಬಹುದು. ವಾಸದ ಮನೆ ಮಾರಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ವಿನಾಯಿತಿ ಉಂಟು. ಹೋಂಸ್ಟೇ ಆದಾಯವನ್ನು ವ್ಯಾಪಾರವೆಂದು ತೋರಿಸಿ, ಕಟ್ಟಡದ ಸವಕಳಿ ಕಳೆದಿದ್ದರೆ ಮಾತ್ರ ಲೆಕ್ಕವೇ ಬೇರೆ. ಮುಂಗಡ ಹಣ ಪಡೆಯುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ. ಮಾರಿದ ಜಾಗದ ಬೆಲೆ ನಾಳೆ ಏರಿದರೆ ಅದು ನಿಮ್ಮದಲ್ಲ ಎಂಬುದೂ ನೆನಪಿರಲಿ.

ಅಷ್ಟರಲ್ಲಿ ಎಂಟನೇ ಕ್ಲಾಸಿನ ಮಗಳು ಫೋನು ಕಸಿದುಕೊಂಡಳು. "ಚಿಕ್ಕಮ್ಮ, ಮನೆ ಮಾರೋದು ಬೇಡ. ಆದ್ರೆ ಈ ಸಲ ನನ್ನ ಸ್ಕೂಲ್ ಡೇಗೆ ಅಮ್ಮ ಬರ್ಬೇಕು. ಪ್ರತಿ ಸಲ ಗೆಸ್ಟ್ ಇದ್ದಾರೆ ಅಂತಾಳೆ."

ಆ ಖರ್ಚು ಪುಸ್ತಕದಲ್ಲಿ ಇರಲೇ ಇಲ್ಲ.

ಅಕ್ಕ, ಭಾವ ಸದ್ಯಕ್ಕೆ ಮಾರುತ್ತಿಲ್ಲ. ಎರಡು ಕೋಣೆಯನ್ನು ಊರಿಗೆ ಹೊಸದಾಗಿ ಬಂದ ಟೀಚರಿಗೆ ತಿಂಗಳ ಬಾಡಿಗೆಗೆ ಕೊಟ್ಟಿದ್ದಾರೆ. ಉಳಿದೆರಡು ಅತಿಥಿಗಳಿಗೆ. ಮಳೆಗಾಲ ಪೂರ್ತಿ ಬಾಗಿಲು ಬಂದ್. ಯುಗಾದಿಯ ಹೊತ್ತಿಗೆ ಪುಸ್ತಕ ನೋಡಿ ಕೊನೆಯ ತೀರ್ಮಾನ.

ಡಿಸೆಂಬರಿನ ಸ್ಕೂಲ್ ಡೇ ದಿನಕ್ಕೆ ಮಾತ್ರ ಅಕ್ಕ ಆ್ಯಪ್‌ನಲ್ಲಿ ಈಗಲೇ ಹಾಕಿಬಿಟ್ಟಿದ್ದಾಳೆ: ಕೋಣೆ ಖಾಲಿ ಇಲ್ಲ.